ನಲವತ್ತೊಂದು ಮೆಟ್ಟಿಲ ಮನೆ

ನಮ್ಮ ಊರಿನಲ್ಲಿ ದೊಡ್ಡವರ ಮನೆಗೆ ಇಳಿದು ಹೋಗಬೇಕು. ನನ್ನಂಥವರ ಮನೆ ರಸ್ತೆಯ ಮಟ್ಟಕ್ಕೇ ಇರುತ್ತದೆ, ಹೊಸ್ತಿಲು ದಾಟಿದರೆ ಆಯಿತು. ಏನಾದರೂ ಬರೆದು ಅಚ್ಚು ಹಾಕಿಸಿದವರ ಮನೆ ಹಾಗಲ್ಲ. ಅವರು ಬರೆದದ್ದನ್ನು ಲೋಕದ ಯಾವುದೋ ಮೂಲೆಯಲ್ಲಿ ಇನ್ನೊಬ್ಬರು ಓದಿ, ತಮ್ಮ ಲೇಖನದ ಕೊನೆಗೆ ಇಂಥವರು ಹೀಗೆ ಹೇಳಿದ್ದಾರೆ ಎಂದು ಹೆಸರು ಹಾಕಿದರೆ, ಇಲ್ಲಿ ಇವರ ಮನೆ ಒಂದು ಜೋಳದ ಕಾಳಿನಷ್ಟು ಭೂಮಿಗೆ ಇಳಿಯುತ್ತದೆ. ಇಂಥ ನಲವತ್ತು ಐವತ್ತು ಉಲ್ಲೇಖಗಳಾದರೆ ಬಾಗಿಲಿಗೆ ಒಂದು ಹೊಸ ಮೆಟ್ಟಿಲು ಬೇಕಾಗುತ್ತದೆ. ಆ ಮೆಟ್ಟಿಲು ಕಟ್ಟುವ ಗೌಂಡಿ ನಾನು, ಮಾನಪ್ಪ. ನನ್ನ ಅಪ್ಪನೂ ಅದನ್ನೇ ಕಟ್ಟಿದ, ಅವನ ಅಪ್ಪನೂ ಅದನ್ನೇ ಕಟ್ಟಿದ. ಮೂರು ತಲೆಮಾರು ಇಡೀ ಊರನ್ನು ಕೆಳಗಿಳಿಸಿದ ನಮ್ಮ ಮನೆ ಮಾತ್ರ ಒಂದು ಕಾಳಿನಷ್ಟೂ ಕದಲಿಲ್ಲ.

ಇದಕ್ಕೆ ಊರು ಎಂದೋ ಹೊಂದಿಕೊಂಡಿದೆ. ಹೆಣ್ಣು ಕೇಳಲು ಬಂದವರು ಹೊಲ ಎಷ್ಟು ಎಂದು ಕೇಳುವುದಿಲ್ಲ, ಮೆಟ್ಟಿಲು ಎಷ್ಟು ಎಂದು ಕೇಳುತ್ತಾರೆ. ಆಳವಾದ ಮನೆಗಳ ಮಾಳಿಗೆ ರಸ್ತೆಯ ಸಮಕ್ಕೆ ಬಂದಿರುವುದರಿಂದ ಆಡುಗಳು ಅಲ್ಲೇ ಮಲಗುತ್ತವೆ. ಓದುವವರು ಕೆಳಗಿನಿಂದ ಕೋಲಿನಿಂದ ಸೂರು ಬಡಿದು ಅವನ್ನು ಓಡಿಸುತ್ತಾರೆ. ಮಳೆಗಾಲದಲ್ಲಿ ಪ್ರತಿ ದೊಡ್ಡ ಮನೆಗೂ ಒಂದು ಪಂಪು ಬೇಕು. ಬೆಳಕಿಗೆ ಗುಂಡಿಯ ಬಾಯಿಗೆ ಕನ್ನಡಿ ಕಟ್ಟುತ್ತಾರೆ. ಕಡಿಮೆ ಆಳದವನು ಹೆಚ್ಚು ಆಳದವನ ಮಾತಿಗೆ ಎದುರಾಡುವುದಿಲ್ಲ, ಇದು ಮೊದಲಿನಿಂದ ಬಂದ ರೀತಿ. ಇನ್ನೊಂದು ರೀತಿಯೂ ಇದೆ. ತನ್ನ ಮನೆಯ ಮೆಟ್ಟಿಲನ್ನು ತಾನೇ ಎಣಿಸಬಾರದು. ಹಾಗೆ ಎಣಿಸಿಕೊಂಡರೆ ಜಂಬ ಎನ್ನುತ್ತಾರೆ. ಎಣಿಸುವುದು, ನೆನಪಿಡುವುದು ಗೌಂಡಿಯ ಕೆಲಸ. ಅದಕ್ಕೇ ನಮ್ಮ ಮನೆತನದವರು ಪ್ರತಿ ಮೆಟ್ಟಿಲ ಎದುರುಗಲ್ಲಿನ ಸಂದಿಯಲ್ಲಿ, ಗಾರೆ ಹಸಿಯಿರುವಾಗಲೇ, ಮೊಳೆಯಿಂದ ತಾರೀಖು ಗೀಚಿಡುತ್ತೇವೆ. ಮನೆಯವರು ಅದನ್ನು ನೋಡಿಯೂ ನೋಡದ ಹಾಗೆ ಇಳಿದುಹೋಗುತ್ತಾರೆ.

ತ್ರಿಶಲಾ ಉಪಾಧ್ಯೆ ಅವರ ಮನೆ ನಾನು ಕಟ್ಟಿದ್ದರಲ್ಲೇ ಅತಿ ಆಳವಾದದ್ದು. ನಲವತ್ತೊಂದು ಮೆಟ್ಟಿಲು. ಕರಿಕಲ್ಲು, ಒಂದಕ್ಕೊಂದು ಕೂದಲು ತೂರದ ಹಾಗೆ ಕೂರಿಸಿದ್ದೇನೆ. ಹೊರಗಿನಿಂದ ಬಂದವರಿಗೆ ನಾನೇ ಕರೆದೊಯ್ದು ತೋರಿಸುತ್ತಿದ್ದೆ, ಮನೆಯೂ ನನ್ನದೇ ಎನ್ನುವ ಹಾಗೆ. ಅವರು ರಕ್ತದ ಕ್ಯಾನ್ಸರಿನ ಮೇಲೆ ಸಂಶೋಧನೆ ಮಾಡುವ ಡಾಕ್ಟರು. ರೋಗಿಗಳಿಗೆ ಔಷಧ ಬರೆದುಕೊಡುವವರಲ್ಲ, ಯಾವ ಔಷಧ ಎಷ್ಟು ಕೊಡಬೇಕು ಎಂದು ಕಂಡುಹಿಡಿಯುವವರು. ನಮ್ಮ ಊರಿನ ಸಂಶೋಧನಾ ಕೇಂದ್ರದ ಕಟ್ಟಡ ನನ್ನ ಅಪ್ಪನ ಕಾಲದಲ್ಲೇ ಬಾವಿಯಂತೆ ಇಳಿದುಹೋಗಿ ನೀರು ತುಂಬಿಕೊಂಡಿತು. ಅಂದಿನಿಂದ ಎಲ್ಲರೂ ಮನೆಯಲ್ಲೇ ಪ್ರಯೋಗಾಲಯ ಇಟ್ಟುಕೊಂಡಿದ್ದಾರೆ. ತ್ರಿಶಲಾ ಡಾಕ್ಟರು ಒಟ್ಟು ಅರವತ್ಮೂರು ಲೇಖನ ಬರೆದಿದ್ದಾರೆ. ಅದರಲ್ಲಿ ಅರವತ್ತೆರಡು ಸೇರಿ ಹನ್ನೆರಡು ಮೆಟ್ಟಿಲು. ಉಳಿದ ಇಪ್ಪತ್ತೊಂಬತ್ತು ಮೆಟ್ಟಿಲನ್ನು ಒಂದೇ ಒಂದು ಲೇಖನ ಇಳಿಸಿತು. ದಿನಕ್ಕೆ ಅರ್ಧ ಗುಳಿಗೆ ಸಾಲದು, ಪೂರ್ತಿ ಒಂದು ಗುಳಿಗೆ ಕೊಟ್ಟರೇ ಆ ರೋಗ ಹಿಡಿತಕ್ಕೆ ಬರುತ್ತದೆ ಎಂದು ಹೇಳಿದ ಲೇಖನ ಅದು. ಎಲ್ಲ ದೇಶದವರೂ ಅದರ ಹೆಸರು ಹಾಕಿದರು. ಮನೆ ವಾರಕ್ಕೊಮ್ಮೆ ಕಿರ್ ಎನ್ನುತ್ತಿತ್ತು.

ಆ ಗುಳಿಗೆಯನ್ನು ಮೂರು ವರ್ಷದಿಂದ ನನ್ನ ಹೆಂಡತಿ ಕಾಶವ್ವ ನುಂಗುತ್ತಿದ್ದಾಳೆ. ಮೊದಲು ಸುಸ್ತು ಎಂದಳು, ಆಮೇಲೆ ತೋಳಿನ ಮೇಲೆ ಪೆಟ್ಟು ಬೀಳದೆಯೇ ನೀಲಿ ಕಲೆ ಬಂದವು, ರಕ್ತ ನೋಡಿದರೆ ಅದೇ ರೋಗ. ಗುಳಿಗೆ ತಗೊಂಡ ಮೇಲೆ ಸುಸ್ತು ಹೋಯಿತು, ಕಲೆ ಹೋದವು. ನಾನು ಮೆಟ್ಟಿಲು ಕಟ್ಟಿದ ಮನೆಯಿಂದಲೇ ನನ್ನ ಹೆಂಡತಿಯ ಜೀವ ಉಳಿಯಿತು ಎಂದು ಎಷ್ಟು ಜನರ ಮುಂದೆ ಹೇಳಿಕೊಂಡೆನೋ ಲೆಕ್ಕವಿಲ್ಲ. ಆದರೆ ಒಂದು ವರ್ಷದಿಂದ ಅವಳ ಬೆರಳುಗಳು ಮರಗಟ್ಟತೊಡಗಿದವು. ಕೌದಿ ಹೊಲಿಯುವವಳ ಕೈಯಿಂದ ಸೂಜಿ ಜಾರಿ ಬೀಳುತ್ತಿತ್ತು. ಒಂದು ದಿನ ರೊಟ್ಟಿ ಬೇಯಿಸುವಾಗ ಏನೋ ಸುಟ್ಟ ವಾಸನೆ ಬಂತು. ನೋಡಿದರೆ ಹೆಂಚಿನ ಮೇಲೆ ಅವಳ ಬೆರಳು ಇದೆ, ಅವಳು ನನ್ನ ಜೊತೆ ಮಾತಾಡುತ್ತಲೇ ಇದ್ದಾಳೆ. ನಾನು ಅವಳ ಕೈ ಎಳೆದೆ. ಅವಳು ಬೆರಳನ್ನು ನೋಡಿ, ಬೇರೆ ಯಾರದೋ ಬೆರಳು ನೋಡಿದ ಹಾಗೆ, "ಅಯ್ಯ, ಬೊಬ್ಬಿ ಬಂದೈತಲ್ಲ" ಎಂದಳು.

ಆಸ್ಪತ್ರೆಯ ಡಾಕ್ಟರ ಬಳಿ ಹೋದೆವು. ಗುಳಿಗೆಯಿಂದ ನರ ಸಾಯುತ್ತಿದೆ, ಹೀಗೇ ಬಿಟ್ಟರೆ ಕಾಲಿಗೂ ಬರುತ್ತದೆ ಎಂದರು. ಹಾಗಾದರೆ ಅರ್ಧ ಕೊಡಿ ಎಂದೆ. ಅವರು ಕೈ ಮುಗಿದರು. "ಅರ್ಧ ಕೊಟ್ರ ರೋಗ ತಿರುಗಿ ಮ್ಯಾಲೆ ಬೀಳ್ತೈತಿ ಅಂತ ಬರದಾರ. ನಲವತ್ತೊಂದು ಮೆಟ್ಟಲದ ಮಾತು ಅದು. ನನ್ನ ಮನಿ ಎರಡ ಮೆಟ್ಟಲ. ನಾ ಹೆಂಗ ಇಲ್ಲ ಅನ್ಲಿ?" ಮನೆಗೆ ಬಂದ ಮೇಲೆ ಕಾಶವ್ವ ಗುಳಿಗೆಯನ್ನು ಚಾಕುವಿನಿಂದ ಎರಡು ಮಾಡಲು ಕೂತಳು. ನಾನು ಕಸಿದುಕೊಂಡೆ. ಬೆರಳು ಉಳಿಸಲು ಹೋಗಿ ಜೀವ ಹೋದರೆ ಏನು ಮಾಡಲಿ? ಅವಳು ಒಂದು ವಾರ ನನ್ನ ಜೊತೆ ಮಾತು ಬಿಟ್ಟಳು.

ಆ ವಾರವೇ ತ್ರಿಶಲಾ ಡಾಕ್ಟರ ಮನೆ ಇನ್ನಷ್ಟು ಇಳಿದು, ನಲವತ್ತೆರಡನೆಯ ಮೆಟ್ಟಿಲಿಗೆ ನನ್ನನ್ನು ಕರೆದರು. ಅದು ಮುಗಿದ ಮೇಲೆ ಊರಿನವರಿಂದ ಸನ್ಮಾನ ಎಂದು ನಿಗದಿಯಾಗಿತ್ತು. ಕಲ್ಲು ಹೊತ್ತು ಇಳಿದೆ, ಗಾರೆ ಕಲಸಿದೆ, ಕರಣಿ ಕೈಯಲ್ಲಿ ಹಿಡಿದು ಕೂತೆ. ಕೆಲಸಕ್ಕೆ ಕೈ ಏಳಲಿಲ್ಲ. ಡಾಕ್ಟರು ಬಾಗಿಲಿಗೆ ಬಂದರು. ಅರವತ್ತರ ಹತ್ತಿರದ ಹೆಂಗಸು, ಸಣ್ಣ ಆಳು, ಮೂಗಿನ ಮೇಲೆ ಸೂಕ್ಷ್ಮದರ್ಶಕದ ಗುರುತು ಶಾಶ್ವತವಾಗಿ ಬಿದ್ದಿದೆ. "ಯಾಕ ಮಾನಪ್ಪ, ಗಾರಿ ಒಣಗ್ಲಿ ಅಂತ ಕುಂತೀಯೇನು?" ಎಂದು ಚೇಷ್ಟೆ ಮಾಡಿದರು. ನನಗೆ ಸಿಟ್ಟು ಬಂತು. ಕಡಿಮೆ ಆಳ, ಹೆಚ್ಚು ಆಳ ಎಲ್ಲ ಮರೆತು, "ನಿಮ್ಮ ಗುಳಿಗಿ ನನ್ನ ಹೆಂಡ್ತಿ ಕೈ ತಿನ್ನಾಕತ್ತೈತ್ರಿ ಅಕ್ಕಾರ" ಎಂದುಬಿಟ್ಟೆ. ಹೆಂಚು, ಬೊಬ್ಬೆ, ಸೂಜಿ ಎಲ್ಲ ಹೇಳಿದೆ. ಅವರು ಮೆಟ್ಟಿಲ ಮೇಲೆ ಕೂತುಬಿಟ್ಟರು.

"ಎರಡು ವರ್ಷಾತು, ನನಗೂ ಸಂಶಯ ಐತಿ" ಎಂದರು. ದೂರದ ಒಂದು ದೇಶದವರು ಅದೇ ಪರೀಕ್ಷೆಯನ್ನು ಮತ್ತೆ ಮಾಡಿ ನೋಡಿದರಂತೆ. ಅರ್ಧ ಗುಳಿಗೆಗೂ ಪೂರ್ತಿ ಗುಳಿಗೆಗೂ ಅವರಿಗೆ ವ್ಯತ್ಯಾಸ ಕಾಣಲಿಲ್ಲ. ಆದರೆ ಅವರ ಲೇಖನಕ್ಕೆ ಆಳವಿರಲಿಲ್ಲ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಡಾಕ್ಟರು ತಮ್ಮ ಹಳೆಯ ಕಾಗದಗಳನ್ನೆಲ್ಲ ಹರವಿ ತಪ್ಪು ಹುಡುಕಿದರು. "ಎಲ್ಲಾ ಸರಿ ಐತಿ ಮಾನಪ್ಪ. ಅದ ಸೂಕ್ಷ್ಮದರ್ಶಕ, ಅದ ಮೇಜು, ಎಣಿಸಿದವಳೂ ನಾನ. ರಕ್ತ ತಂದು ಒಂದು ದಿನ ಕೋಣ್ಯಾಗ ಇಟ್ಟು, ಮರುದಿನ ಕೆಟ್ಟ ಕಣ ಎಣಿಸ್ತಿದ್ದೆ. ಮೊದಲು ಅರ್ಧ ಗುಳಿಗಿ ಮಂದಿದು, ಆಮ್ಯಾಲೆ ಪೂರಾ ಗುಳಿಗಿ ಮಂದಿದು. ಅದ ಕೋಣಿ. ಏನೂ ಬದಲಿ ಇಲ್ಲ. ತಪ್ಪು ಎಲ್ಲಿ ಐತಿ ಗೊತ್ತಾಗದ, ಬರೀ ಸಂಶಯದ ಮ್ಯಾಲೆ ಲೇಖನ ಹೆಂಗ ವಾಪಸ್ ತಗೊಳ್ಳಲಿ?"

ನಾನು ಗಾರೆಯ ಬಾಂಡಲಿಯನ್ನು ನೋಡುತ್ತಿದ್ದೆ. ಸಿಟ್ಟಿನಲ್ಲೇ ಹೇಳಿದೆ, ಯಾವ ಬುದ್ಧಿವಂತಿಕೆಯಿಂದಲೂ ಅಲ್ಲ. "ಬದಲಿ ಇಲ್ಲ ಅಂತೀರಲ್ರಿ ಅಕ್ಕಾರ, ಇಲ್ಲಿ ಗಾರಿ ಒಣಗಾಕ ಐದು ದಿನ ಬೇಕು. ಮ್ಯಾಲಿನ ಎರಡು ಮೆಟ್ಟಲ ಒಂದು ದಿನಕ್ಕ ಒಣಗಿದ್ವು. ಅಲ್ಲಿ ಬಿಸಿಲಿನ ಕಾವು, ಇಲ್ಲಿ ನೆಲದ ತಂಪು. ನಿಮ್ಮ ಕೋಣಿ ಅದ ಕೋಣಿ ಹೆಂಗ ಆಗ್ತೈತಿ? ಕೋಣಿ ಇಳದೈತಲ್ರೀ."

ಅವರು ಬಾಂಡಲಿಯ ಗಾರೆಗೆ ಬೆರಳು ತಾಗಿಸಿ ನೋಡಿದರು. ಲೇಖನದಲ್ಲಿ ಅವರು ಬರೆದಿದ್ದುದು ರಕ್ತವನ್ನು ಕೋಣೆಯ ಶಾಖದಲ್ಲಿ ಇಡಲಾಯಿತು ಎಂದು, ಅಷ್ಟೇ. ಎಲ್ಲರೂ ಹಾಗೆಯೇ ಬರೆಯುತ್ತಾರೆ. ಬೇರೆ ಊರಿನಲ್ಲಿ ಕೋಣೆ ಎಂದರೆ ಇದ್ದಲ್ಲೇ ಇರುವ ವಸ್ತು. ನಮ್ಮ ಊರಿನಲ್ಲಿ ಹಾಗಲ್ಲ ಎಂಬುದು ನಮಗೆ ಎಷ್ಟು ರೂಢಿಯಾಗಿದೆ ಎಂದರೆ, ಯಾರಿಗೂ ಅದು ಹೊಳೆಯಲಿಲ್ಲ. ಮೇಲಾಗಿ ತನ್ನ ಮೆಟ್ಟಿಲನ್ನು ತಾನು ಎಣಿಸಬಾರದಲ್ಲ. "ಆ ಕಣ ಬೆಚ್ಚಗಿದ್ರ ಒಂದ ದಿನಕ್ಕ ಹೆಚ್ಚಾಗ್ತಾವು. ತಣ್ಣಗಿದ್ರ ಸುಮ್ನ ಇರ್ತಾವು" ಎಂದು ಅವರು ತಮಗೆ ತಾವೇ ಹೇಳಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, "ಎಂದು ಇಳೀತು? ನಾ ಎಣಿಸುವಾಗ ಎಷ್ಟು ಮೆಟ್ಟಲ ಇತ್ತು? ನಿನಗ ನೆನಪೈತೇನು?" ಎಂದು ಕೇಳಿದರು.

ನೆನಪೇಕೆ ಬೇಕು, ಗೀಚಿದ್ದೇ ಇದೆ. ಇಬ್ಬರೂ ಬ್ಯಾಟರಿ ಹಿಡಿದು ಮೇಲಿನಿಂದ ಒಂದೊಂದೇ ಮೆಟ್ಟಿಲ ಮುಂದೆ ಮೊಣಕಾಲೂರಿ ಕೂತೆವು. ಧೂಳು ಊದಿದೆ, ಪಾಚಿ ಕೆರೆದೆ. ಅವರು ತಮ್ಮ ನೋಟ್‌ಬುಕ್ಕಿನ ತಾರೀಖು ಓದಿದರು, ನಾನು ಕಲ್ಲಿನ ತಾರೀಖು ಓದಿದೆ. ಅರ್ಧ ಗುಳಿಗೆಯವರ ರಕ್ತ ಎಣಿಸಿದ್ದು ಯುಗಾದಿಯ ಆಸುಪಾಸಿನಲ್ಲಿ, ಮನೆಗೆ ಎರಡೇ ಮೆಟ್ಟಿಲಿದ್ದಾಗ. ಆಮೇಲೆ ಅವರ ಹಿಂದಿನ ಒಂದು ಲೇಖನಕ್ಕೆ, ಕೆಟ್ಟ ಕಣವನ್ನು ಬೇಗ ಗುರುತಿಸುವುದು ಹೇಗೆ ಎಂಬುದಕ್ಕೆ, ಒಮ್ಮೆಲೇ ಹೆಸರು ಬಂದು ಮಳೆಗಾಲ ಮುಗಿಯುವುದರೊಳಗೆ ಹತ್ತು ಮೆಟ್ಟಿಲು ಇಳಿದಿತ್ತು. ಪೂರ್ತಿ ಗುಳಿಗೆಯವರ ರಕ್ತ ಎಣಿಸಿದ್ದು ದೀಪಾವಳಿಯಾದ ಮೇಲೆ, ಹನ್ನೆರಡನೆಯ ಮೆಟ್ಟಿಲ ತಂಪಿನಲ್ಲಿ. ಔಷಧದ ಗುಣ ಎಂದುಕೊಂಡದ್ದು ನೆಲದ ಗುಣವಾಗಿತ್ತು.

ಡಾಕ್ಟರು ಅಳಲಿಲ್ಲ. ಇದ್ದಿಲು, ಕಾಗದ ತರಿಸಿ, ಹನ್ನೆರಡೂ ಮೆಟ್ಟಿಲುಗಳ ತಾರೀಖಿನ ಮೇಲೆ ಕಾಗದ ಒತ್ತಿ ತಿಕ್ಕಿ ಅಚ್ಚು ತೆಗೆದರು. ಕೈ, ಸೆರಗು, ಮೂಗು ಎಲ್ಲ ಕಪ್ಪಾಯಿತು. "ನಲವತ್ತೆರಡನೇದು ಬ್ಯಾಡ ಮಾನಪ್ಪ, ಕಲ್ಲು ವಾಪಸ್ ಒಯ್ಯಿ. ಒಂದು ತಿಂಗಳು ಕೊಡು. ಈಗಿನ ರಕ್ತ ತಂದು, ತಾವ ಅರ್ಧಕ್ಕ ಇಳದ ಮಂದಿದು, ಪೂರಾ ನುಂಗೋ ಮಂದಿದು, ಎರಡೂ ಒಂದ ಶಾಖದಾಗ ಇಟ್ಟು, ಮತ್ತ ಎಣಿಸ್ತೇನಿ" ಎಂದರು. ಅದಕ್ಕೆ ಕಾಶವ್ವನೂ ರಕ್ತ ಕೊಟ್ಟಳು. ಆ ತಿಂಗಳು ಅವರ ಮನೆಯ ಕನ್ನಡಿ ಒರೆಸಿಕೊಡುವುದೇ ನನ್ನ ಕೆಲಸ, ಬೆಳಕು ಸಾಲದೆ ಎಣಿಕೆ ತಪ್ಪಬಾರದೆಂದು. ತಿಂಗಳಾದ ಮೇಲೆ ಫಲ ಬಂತು. ಅರ್ಧ ಗುಳಿಗೆ ಸಾಕು. ಪೂರ್ತಿ ಕೊಟ್ಟರೆ ರೋಗಕ್ಕೆ ಹೆಚ್ಚಿನ ಪೆಟ್ಟೇನೂ ಇಲ್ಲ, ನರಕ್ಕೆ ಮಾತ್ರ ಪೆಟ್ಟು.

ಹಾಗಾದರೆ ನಾಳೆಯಿಂದಲೇ ಅರ್ಧ ಎಂದು ನಾನು ಕುಣಿದೆ. ಆದರೆ ಹಳೆಯ ಲೇಖನ ಬದುಕಿರುವ ತನಕ ಆಸ್ಪತ್ರೆ ಅದರ ಮಾತನ್ನೇ ಕೇಳುತ್ತದೆ. ಕಾಶವ್ವನಂಥವರು ಇನ್ನೂ ಎಷ್ಟೋ ಜನ. ಅದನ್ನು ಅಚ್ಚು ಹಾಕಿದ ಪತ್ರಿಕೆಯವರಿಗೆ ಬರೆದರೆ, ವಾಪಸ್ ಪಡೆಯಲು ಬರೆದವರಿಬ್ಬರ ಸಹಿಯೂ ಬೇಕು ಎಂದು ಉತ್ತರ ಬಂತು. ಎರಡನೆಯವರು ವಾಮನರಾವ್ ಕಟ್ಟಿ. ತ್ರಿಶಲಾ ಡಾಕ್ಟರಿಗೆ ಪಾಠ ಹೇಳಿದ ಗುರುಗಳು, ಎಂಬತ್ತು ದಾಟಿದವರು. ಆ ಲೇಖನದ ಗಣಿತವೆಲ್ಲ ಅವರದು, ಆದ್ದರಿಂದ ಅವರ ಮನೆಯೂ ಅದರ ಜೊತೆಗೇ ಇಳಿದು ಮೂವತ್ತೊಂದು ಮೆಟ್ಟಿಲಾಗಿತ್ತು. ಮೊಣಕಾಲು ಸವೆದು ನಾಲ್ಕು ವರ್ಷದಿಂದ ಮೇಲೆ ಹತ್ತಿ ಬಂದಿರಲಿಲ್ಲ. ಕಾಯಿಪಲ್ಲೆಯನ್ನು ಹಗ್ಗಕ್ಕೆ ಬುಟ್ಟಿ ಕಟ್ಟಿ ಇಳಿಬಿಡುತ್ತಿದ್ದರು.

ಸಹಿ ಕೇಳಲು ಡಾಕ್ಟರು ಹೊರಟಾಗ ನಾನೂ ಹೊರಟೆ. ಕಾಶವ್ವ ಕೌದಿ ಮಡಿಸಿಟ್ಟು, "ನಾನೂ ಬರ್ತೀನಿ" ಎಂದಳು. ಮೂವತ್ತೊಂದು ಮೆಟ್ಟಿಲು ನಿನ್ನ ಕೈಲಾಗದು ಎಂದೆ. "ಕೈ ಹೋಗೈತಿ, ಕಾಲು ಇನ್ನೂ ಅದಾವು" ಎಂದಳು. ಅವಳ ಬಾಯಿಗೆ ನಾನು ಮೊದಲಿನಿಂದಲೂ ಹೆದರುವವನೇ.

ಕಟ್ಟಿಯವರು ಎಲ್ಲವನ್ನೂ ಸಾವಧಾನವಾಗಿ ಕೇಳಿದರು. ಇದ್ದಿಲಿನ ಅಚ್ಚುಗಳನ್ನು ಭೂತಗನ್ನಡಿಯಲ್ಲಿ ನೋಡಿದರು. ಲೆಕ್ಕ ತಪ್ಪಿಲ್ಲ ಎಂದು ಒಪ್ಪಿಕೊಂಡರು. ಆದರೆ ಸಹಿ ಎಂದ ಕೂಡಲೇ ಪೆನ್ನನ್ನು ದೂರ ಸರಿಸಿದರು. "ಹೊಸಾದು ಬೇಕಾದ್ರ ಬರೀರಿ ತ್ರಿಶಲಾ, ನಾ ಬ್ಯಾಡ ಅನ್ನೂದಿಲ್ಲ. ಹಳೇದನ್ನ ಯಾಕ ಕೆದಕ್ತೀರಿ? ಅದು ಹೋದ್ರ ಅದು ಇಳಿಸಿದಷ್ಟೂ ಮನಿ ಏರಬೇಕಾಗ್ತದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಈ ಊರಾಗ ಇಳದ ಮನಿ ಎಂದಾದ್ರೂ ಏರೇದೇನು? ಏರಿದ್ರ ಗೋಡಿ ಉಳೀತದೋ ಇಲ್ಲೋ ಯಾರಿಗೆ ಗೊತ್ತದ? ಏರಿತು ಅಂತನ ಇಟ್ಟುಕೋರಿ, ರಸ್ತಾದಾಗ ನಿಂತ ಮಂದಿ ನೋಡ್ತಾರ. ಐವತ್ತು ವರ್ಷ ದುಡದು ಇಳದೇನಿ ನಾ. ಇದೊಂದ ನನ್ನ ಹತ್ರ ಅದ."

ತ್ರಿಶಲಾ ಡಾಕ್ಟರು ಅಚ್ಚಿನ ಕಾಗದಗಳನ್ನು ಮತ್ತೆ ಅವರ ಮುಂದಕ್ಕೆ ಸರಿಸಿದರು. ಗುರುವಿನ ಮುಂದೆ, ಅದೂ ಅವರ ಮನೆಯಲ್ಲಿ, ಎದುರು ಮಾತಾಡಿ ಅವರಿಗೆ ಅಭ್ಯಾಸವಿಲ್ಲ. "ಸರ್, ನನ್ನ ಮನಿ ನಿಮ್ಮದಕ್ಕಿಂತ ಹತ್ತು ಮೆಟ್ಟಲ ಹೆಚ್ಚ ಇಳದೈತಿ. ನಂದು ಪೂರಾ ಹೋದ್ರೂ ಚಿಂತಿಲ್ಲ. ತಪ್ಪು ನಾ ಎಣಿಸಿದ್ದು, ನೀವಲ್ಲ. ಆದ್ರ ಗೊತ್ತಾದ ಮ್ಯಾಲೆ ಒಂದು ದಿನಾನೂ ಇದನ್ನ ಹೊತ್ತುಕೊಂಡು ಇರಾಕ ನನ್ನ ಕೈಲಿ ಆಗೂದಿಲ್ಲ. ನೀವು ಇವತ್ತು ಇಲ್ಲ ಅಂದ್ರ ನಾಳೆ ಬರ್ತೇನಿ. ನಾಳೆ ಇಲ್ಲ ಅಂದ್ರ ನಾಡದು ಬರ್ತೇನಿ" ಎಂದರು. ಕಟ್ಟಿಯವರು ಮಾತು ತಪ್ಪಿಸಲು ಚಹಾ ಮಾಡಲು ಎದ್ದರು. ಬಂದವರಿಗೆ ತಾವೇ ಚಹಾ ಕಾಸಿ ಕೊಡುವುದು ಅವರ ಪದ್ಧತಿ. ಕುದಿಯುತ್ತಿದ್ದ ಚಹಾವನ್ನು ಸ್ಟೀಲ್ ಲೋಟಗಳಿಗೆ ಬಗ್ಗಿಸಿ, ಅಂಚನ್ನು ಟವೆಲಿನಿಂದ ಹಿಡಿದು ಒಂದೊಂದೇ ತಂದಿಟ್ಟರು.

ನಾನು ಮುಟ್ಟಿ ಕೈ ಹಿಂದೆಗೆದೆ. ಡಾಕ್ಟರು ಸೆರಗು ಸುತ್ತಿ ಎತ್ತಿಕೊಂಡರು. ಕಾಶವ್ವ ಲೋಟವನ್ನು ಬರಿಗೈಯ ಎರಡೂ ಅಂಗೈಗಳ ನಡುವೆ ಹಿಡಿದು ಕೂತಳು. ಹಿಡಿದುಕೊಂಡೇ ಕೂತಳು. ಬೇಕೆಂದೇ ಮಾಡಿದಳೇ ಅಥವಾ ತಿಳಿಯದೆ ಮಾಡಿದಳೇ ಎಂದು ಆಮೇಲೆ ಎಷ್ಟು ಕೇಳಿದರೂ ನನಗೆ ಹೇಳಿಲ್ಲ. ಕಟ್ಟಿಯವರು ನೋಡುತ್ತಾ ಇದ್ದವರು ಒಮ್ಮೆಲೇ, "ಬಿಡವಾ, ಕೆಳಗಿಡು, ಕೈ ಸುಡ್ತದ!" ಎಂದು ಕೂಗಿದರು.

"ಸುಡಾಕತ್ತೈತೇನ್ರಿ?" ಎಂದಳು ಕಾಶವ್ವ. "ನೀವು ಹೇಳಿದ್ರ ನಂಗ ಗೊತ್ತಾಗಬೇಕು ನೋಡ್ರಿ ಯಜಮಾನ್ರ. ನಂದು ಹೋಗ್ಲಿ, ನನಗ ವಯಸ್ಸಾತು. ಆಸ್ಪತ್ರ್ಯಾಗ ನನ್ನ ಮಗ್ಗಲಾಗ ಒಬ್ಬಾಕಿ ಕುಂದರ್ತಾಳ, ಆರು ತಿಂಗಳ ಕೂಸಿನ ತಾಯಿ. ಕೂಸಿನ ಮೈ ಬಿಸಿ ಐತೋ ಇಲ್ಲೋ ಆಕಿಗೆ ತಿಳೀವಲ್ದು. ಮುಟ್ಟಿ ನೋಡ್ರಿ ಅಂತ ಎಲ್ಲಾರನ್ನೂ ಕೇಳ್ತಾಳ."

ನಾನೇ ಅವಳ ಕೈಯಿಂದ ಲೋಟ ಕಿತ್ತುಕೊಂಡೆ. ಅಂಗೈ ಕೆಂಪಾಗಿತ್ತು. ಕಟ್ಟಿಯವರು ಟವೆಲನ್ನು ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು. ಆಮೇಲೆ ಸರಿಸಿದ್ದ ಪೆನ್ನನ್ನು ತಾವೇ ಹುಡುಕಿಕೊಂಡು ಸಹಿ ಹಾಕಿದರು. "ಗೌಂಡಿ, ಗೋಡಿ ಒಡೀದಂಗ ಏನರೆ ಮಾಡ್ಲಿಕ್ಕೆ ಬರ್ತದೇನು?" ಎಂದು ಕೇಳಿದರು.

ಬರುತ್ತದೋ ಇಲ್ಲವೋ ನನಗೂ ತಿಳಿದಿರಲಿಲ್ಲ. ಏರುವ ಮನೆಯನ್ನು ನನ್ನ ಅಜ್ಜನೂ ಕಂಡವನಲ್ಲ. ಆದರೆ ಮಾಡುತ್ತೇನೆ ಎಂದೆ. ಪತ್ರಿಕೆಯವರು ವಾಪಸಾತಿಯನ್ನು ಅಚ್ಚು ಹಾಕಲು ಮೂರು ವಾರ ಇತ್ತು. ಆ ಮೂರು ವಾರ ನಾನು ಎರಡೂ ಮನೆಗಳ ಗೋಡೆಗೂ ಮೆಟ್ಟಿಲಿಗೂ ಇದ್ದ ಬೆಸುಗೆ ಬಿಡಿಸಿದೆ. ಕೂದಲು ತೂರದ ಹಾಗೆ ನಾನೇ ಕೂರಿಸಿದ ಕಲ್ಲುಗಳ ಸಂದಿಗೆ ನಾನೇ ಉಳಿ ಇಟ್ಟು ಹೊಡೆದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರೆ; ಕಟ್ಟಿದವನ ಕೈಯಲ್ಲೇ ದೊಣ್ಣೆ ಕೊಟ್ಟರೆ ಆಗುವ ಸಂಕಟವೇ ಬೇರೆ. ಕಣ್ಣಲ್ಲಿ ನೀರು ಬಂದರೆ ಕಲ್ಲಿನ ಧೂಳು ಎಂದೆ. ಊರಿನವರು ಗುಂಡಿಯ ಅಂಚಿಗೆ ಬಂದು ನಿಂತು, ಗೌಂಡಿಗೆ ತಲೆ ಕೆಟ್ಟಿದೆ, ಡಾಕ್ಟರಮ್ಮನಿಗೆ ಅದಕ್ಕಿಂತ ಮುಂಚೆ ಕೆಟ್ಟಿದೆ ಎಂದು ಆಡಿಕೊಂಡರು. ಸನ್ಮಾನಕ್ಕೆ ತಂದ ಶಾಲನ್ನು ಅಂಗಡಿಗೆ ಹಿಂತಿರುಗಿಸಿದರು.

ಅದರ ನಡುವೆ ಡಾಕ್ಟರು ಹೊಸ ಲೇಖನ ಬರೆದು ಮುಗಿಸಿದರು. ಅರವತ್ನಾಲ್ಕನೆಯದು. ಒಂದು ದಿನ ಕರೆದು, ಶಾಖ ಬದಲಾದದ್ದಕ್ಕೆ ಸಾಕ್ಷಿ ಕೊಟ್ಟವನು ನೀನು, ಆದ್ದರಿಂದ ಬರೆದವರ ಸಾಲಿನಲ್ಲಿ ನಿನ್ನ ಹೆಸರೂ ಬರುತ್ತದೆ ಎಂದರು. ನಾನು ಬೇಡವೆಂದೆ. "ಯಾಕ, ಮನಿ ಇಳೀತೈತಿ ಅಂತ ಅಂಜಿಕಿ ಏನು?" ಎಂದು ನಕ್ಕು, ಹೆಸರು ಸೇರಿಸಿಯೇಬಿಟ್ಟರು. ಅಂಜಿಕೆಯೂ ಇತ್ತು, ಆಸೆಯೂ ಇತ್ತು, ಸುಳ್ಳು ಯಾಕೆ ಹೇಳಲಿ. ಮೂರು ತಲೆಮಾರಿನಲ್ಲಿ ಮೊದಲ ಸಲ ನನ್ನ ಮನೆಗೊಂದು ಮೆಟ್ಟಿಲು ಬರಬಹುದು ಎಂದು ಅಂದು ಮನೆಗೆ ಬಂದು ಹೊಸ್ತಿಲನ್ನು ಒಂದು ಸುತ್ತು ನೋಡಿದೆ. ಒಳ್ಳೆಯ ಕಲ್ಲನ್ನೂ ಮನಸ್ಸಿನಲ್ಲೇ ಆರಿಸಿಟ್ಟೆ.

ವಾಪಸಾತಿ ಅಚ್ಚಾದ ದಿನ ಸೋಮವಾರ. ಡಾಕ್ಟರಿಗೆ ಹೊರಗೆ ಬಂದು ನಿಲ್ಲಿ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ಸೂಕ್ಷ್ಮದರ್ಶಕವನ್ನು ಕಾಶವ್ವನ ಕೌದಿಯಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡು ಒಳಗೇ ಕೂತರು. "ಇಳಿಯುವಾಗ ಒಳಗಿದ್ದೆ, ಏರುವಾಗ ಹೊರಗ ಓಡಲೇನು?" ಎಂದರು. ಬೆಳಿಗ್ಗೆ ಹತ್ತರ ಸುಮಾರಿಗೆ ನೆಲದಲ್ಲಿ ಒಂದು ಗುಡುಗು ಎದ್ದಿತು. ಮಾಳಿಗೆಯ ಮೇಲೆ ಮಲಗಿದ್ದ ಆಡುಗಳು ಹಾರಿ ಬಿದ್ದು ಓಡಿದವು. ಮನೆ ಅಲುಗಿತು, ನಿಂತಿತು, ಮತ್ತೆ ಅಲುಗಿತು. ಆಮೇಲೆ ಮೆಲ್ಲನೆ, ಬಾವಿಯಿಂದ ಹಗ್ಗ ಕಟ್ಟಿದ ಕೊಡ ಬಂದ ಹಾಗೆ, ಮೇಲೆ ಬಂತು. ಅದರ ಕೆಳಗಿನ ಮಣ್ಣೂ ಜೊತೆಗೆ ಎದ್ದು, ನನ್ನ ಇಪ್ಪತ್ತೊಂಬತ್ತು ಮೆಟ್ಟಿಲುಗಳನ್ನು ಒಂದೊಂದಾಗಿ ನುಂಗಿತು. ಹನ್ನೆರಡನೆಯದಕ್ಕೆ ಬಂದು ನಿಂತಿತು. ಇಡೀ ಊರು ನೋಡುತ್ತಿತ್ತು. ಬಾಗಿಲ ಮೇಲೆ ಒಂದು ಬಿರುಕು ಬಿಟ್ಟಿತ್ತು, ಅಷ್ಟೇ. ಬಾಗಿಲು ತೆರೆದು ಡಾಕ್ಟರು ಹೊರಗೆ ಬಂದರು, ತಲೆಯೆಲ್ಲ ಸುಣ್ಣದ ಪುಡಿ. ಯಾರೋ ನಕ್ಕರು. ಅವರು ನಕ್ಕವನ ಕಡೆ ತಿರುಗಿ, "ಆಸ್ಪತ್ರಿಗೆ ಹೋಗಾವ ಇದ್ದೀಯೇನಪ್ಪ? ಹೋದ್ರ ಗುಳಿಗಿ ಅರ್ಧ ಆಗೇತಿ ಅಂತ ಹೇಳು" ಎಂದರು.

ಕಟ್ಟಿಯವರ ಮನೆ ಎರಡು ಮೆಟ್ಟಿಲಿಗೆ ಬಂದು ನಿಂತಿತು. ಅವರು ಮೂರು ದಿನ ಬಾಗಿಲು ತೆರೆಯಲಿಲ್ಲ. ನಾಲ್ಕನೆಯ ದಿನ ಎರಡು ಮೆಟ್ಟಿಲನ್ನು ಕೋಲೂರಿ ಹತ್ತಿ ಬಂದು, ರಸ್ತೆಯ ಬದಿಯ ಕಟ್ಟೆಯ ಮೇಲೆ ಬಿಸಿಲಿಗೆ ಕೂತರು. ಈಗ ದಿನವೂ ಕೂರುತ್ತಾರೆ. ಕಾಯಿಪಲ್ಲೆಯವಳ ಜೊತೆ ಚೌಕಾಸಿ ಮಾಡುವುದನ್ನು ಕಲಿತಿದ್ದಾರೆ, ನನ್ನ ಜೊತೆ ಮಾತ್ರ ಇನ್ನೂ ಸರಿಯಾಗಿ ಮಾತಾಡುವುದಿಲ್ಲ.

ಹೊಸ ಲೇಖನ ಅಚ್ಚಾಗಿ ಒಂದು ವರ್ಷವಾಯಿತು. ಆಸ್ಪತ್ರೆಯಲ್ಲಿ ಎಲ್ಲರಿಗೂ ಅರ್ಧ ಗುಳಿಗೆಯೇ. ಬೇರೆ ದೇಶಗಳಲ್ಲೂ ಅರ್ಧ ಮಾಡಿದ್ದಾರೆ ಎಂದು ಪತ್ರಗಳು ಬರುತ್ತವೆ. ಆದರೆ ಆ ಲೇಖನದ ಹೆಸರನ್ನು ಇದುವರೆಗೆ ಒಬ್ಬರೂ ಎಲ್ಲೂ ಹಾಕಿಲ್ಲ. ತಪ್ಪು ತಿದ್ದಿದ್ದನ್ನು ಯಾರು ತಾನೇ ಉಲ್ಲೇಖಿಸುತ್ತಾರೆ? ಸುಮ್ಮನೆ ಗುಳಿಗೆ ಮುರಿದು ಮುಂದಕ್ಕೆ ಹೋಗುತ್ತಾರೆ. ತ್ರಿಶಲಾ ಡಾಕ್ಟರ ಮನೆ ಹನ್ನೆರಡರಲ್ಲೇ ಇದೆ. ಅವರು ಅರವತ್ತೈದನೆಯದನ್ನು ಬರೆಯುತ್ತಿದ್ದಾರೆ, ಪ್ರತಿ ಪುಟದಲ್ಲೂ ಕೋಣೆಯ ಶಾಖ ಇಷ್ಟು ಎಂದು ಅಂಕಿ ಹಾಕಿ. ನಾನು ಎಷ್ಟೋ ಬೆಳಿಗ್ಗೆ ಎದ್ದು, ಯಾರೂ ನೋಡದಾಗ, ನನ್ನ ಹೊಸ್ತಿಲಿಗೆ ಅಳತೆಪಟ್ಟಿ ಹಿಡಿದಿದ್ದೇನೆ. ಒಂದು ಕಾಳಿನಷ್ಟೂ ಇಳಿದಿಲ್ಲ. ಬೇಜಾರು ಆಗಿತ್ತು, ಇಲ್ಲ ಎನ್ನುವುದಿಲ್ಲ.

ಮೊನ್ನೆಯೂ ಹಾಗೆ ಹೊಸ್ತಿಲಲ್ಲಿ ಕೂತು ಪಟ್ಟಿ ಮಡಿಸುತ್ತಿದ್ದೆ. ಒಳಗೆ ಕಾಶವ್ವ ರೊಟ್ಟಿ ಬಡಿಯುತ್ತಿದ್ದಳು. ನರ ಮತ್ತೆ ಚಿಗುರುವುದು ನಿಧಾನ, ಚಿಗುರಲೂಬಹುದು, ಚಿಗುರದೆಯೂ ಇರಬಹುದು ಎಂದು ಡಾಕ್ಟರು ಮೊದಲೇ ಹೇಳಿದ್ದರು. ಆದ್ದರಿಂದ ನಾನು ಕೇಳುವುದನ್ನೇ ಬಿಟ್ಟಿದ್ದೆ. ಬಡಿಯುವ ಸದ್ದು ನಿಂತಿತು. ಹೆಂಚಿನ ಮೇಲೆ ರೊಟ್ಟಿ ಬಿದ್ದ ಸದ್ದಾಯಿತು. ಅದರ ಹಿಂದೆಯೇ ಅವಳು ಚೀರಿದಳು.

"ಅಯ್ಯಯ್ಯವ್ವ, ಸುಡ್ತು!"

ನಾನು ಓಡಿದೆ. ಅವಳು ಒಲೆಯ ಮುಂದೆ ಬೆರಳನ್ನು ಬಾಯಲ್ಲಿಟ್ಟುಕೊಂಡು ನಿಂತಿದ್ದಳು. ಕಣ್ಣು ತುಂಬಾ ನೀರು. ಬೆರಳನ್ನು ಹೊರಗೆ ತೆಗೆದು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ನಾನು ಏನಾದರೂ ಹೇಳುವ ಮೊದಲೇ ಅದೇ ಬೆರಳನ್ನು ಮತ್ತೆ ಹೆಂಚಿಗೆ ತಾಗಿಸಿ, ಮತ್ತೆ ಚೀರಿದಳು.